ಅರಕಲಗೂಡಿನಲ್ಲಿದ್ದ ಬೆಟ್ಟಮ್ಮ, ಹಾಸನಕ್ಕೆ ಬಂದ ಡಬ್ಬಿ

ಗ್ರಾಮಾಂತರ ರೋಗ ಸಂಶೋಧನಾ ಸಮಿತಿಯ ಕಾರ್ಯದರ್ಶಿಗಳಿಗೆ

ಹಾಸನ, ಮಾರ್ಚ್ ೮, ೧೯೬೪

ಮಾನ್ಯ ಕಾರ್ಯದರ್ಶಿಗಳೇ,

ಏಪ್ರಿಲ್ ಆರರಂದು ಶುರುವಾಗುವ ವೈದ್ಯಕೀಯ ಅಂತಿಮ ಪರೀಕ್ಷೆಗೆ ನಾನು ಕೂರುವಂತಿಲ್ಲವೆಂದು ಕಾಲೇಜಿನಿಂದ ಕಾಗದ ಬಂದಿದೆ. ಹಾಜರಿ ಸಾಲದಂತೆ. ನೂರ ನಲವತ್ತೆರಡು ದಿನ ನಾನು ಕಾಲೇಜಿನಲ್ಲಿರಲಿಲ್ಲ, ನಿಜ. ಆ ನೂರ ನಲವತ್ತೆರಡು ದಿನವೂ ತಮ್ಮ ಕೆಲಸದ ಮೇಲೆ ಇದ್ದೆ, ಅದೂ ನಿಜ. ಆದರೆ ಕಾಲೇಜಿನವರು ವಿಚಾರಿಸಿದಾಗ ತಾವು ಬರೆದ ಉತ್ತರದ ನಕಲು ನನ್ನ ಮುಂದಿದೆ. "ಸದರಿ ವಿದ್ಯಾರ್ಥಿಯು ಸಮಿತಿಯ ಅಪ್ಪಣೆಯಿಲ್ಲದೆ ಊರೂರು ಅಲೆದಾಡಿಕೊಂಡಿದ್ದು, ಅದಕ್ಕೂ ಸಮಿತಿಗೂ ಯಾವುದೇ ಸಂಬಂಧವಿರುವುದಿಲ್ಲ." ಎಂಥ ಸೊಗಸಾದ ವಾಕ್ಯ! ಇದನ್ನು ಓದಿದ ಮೇಲೆ ತಮಗೆ ಖಾಸಗಿಯಾಗಿ ಪತ್ರ ಬರೆಯುವ ಮರ್ಯಾದೆಯನ್ನು ನಾನು ಉಳಿಸಿಕೊಂಡಿಲ್ಲ. ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಅಪ್ಪಣೆಯ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ಕಳೆದ ಜುಲೈಯಲ್ಲಿ ನಾನು ಹಾಸನಕ್ಕೆ ಬಂದದ್ದು ಎರಡು ವಾರದ ಗ್ರಾಮಾಂತರ ತರಬೇತಿಗೆ. ಹೊರಡುವ ದಿನ ತಾವು ಕರೆಸಿ, ಹೆಗಲ ಮೇಲೆ ಕೈಯಿಟ್ಟಿರಿ. "ನೀನು ಈ ಜಿಲ್ಲೆಯವನೇ ಅಲ್ಲವೇನಯ್ಯಾ? ಜನ ನಿನ್ನ ಮಾತು ಕೇಳ್ತಾರೆ. ಇಲ್ಲೇ ಇರು. ಹಾಜರಿ ಚಿಂತೆ ಬಿಡು, ಕರ್ತವ್ಯ ಪತ್ರ ನಾನು ಕೊಡ್ತೀನಿ" ಎಂದಿರಿ. ಚನ್ನರಾಯಪಟ್ಟಣ ತಾಲ್ಲೂಕು ದಂಡಿಗನಹಳ್ಳಿ ಹೋಬಳಿಯ ಒಂದು ಕೇರಿಯಲ್ಲಿ ಹುಟ್ಟಿದವನು ನಾನು. ನಮ್ಮಪ್ಪ ಲಕ್ಕಯ್ಯ ಕೂಲಿ ಮಾಡುವವರು. ಅಷ್ಟು ದೊಡ್ಡವರ ಕೈ ನಮ್ಮ ಮನೆಯ ಯಾರ ಹೆಗಲ ಮೇಲೂ ಅದುವರೆಗೆ ಬಿದ್ದಿರಲಿಲ್ಲ. ಉಬ್ಬಿಹೋದೆ. ಬರೆದು ಕೊಡಿ ಎಂದು ಕೇಳಲು ನಾಲಗೆ ಬರಲಿಲ್ಲ. ಅದೊಂದು ನನ್ನ ತಪ್ಪು, ಒಪ್ಪಿಕೊಂಡಿದ್ದೇನೆ.

ಆಮೇಲೆ ಶುರುವಾಯಿತು ನನ್ನ ಅಲೆದಾಟ. ಸೋಮವಾರ, ಮಂಗಳವಾರ ಅರಕಲಗೂಡಿನಲ್ಲಿ ಬಸುರಿಯರ ರಕ್ತ ಪರೀಕ್ಷೆ. ಬುಧವಾರ ಹೊಳೆನರಸೀಪುರದಲ್ಲಿ ಶಾಲೆ ಮಕ್ಕಳ ಹೊಟ್ಟೆ ಮುಟ್ಟಿ, ಮಲೇರಿಯಾದಿಂದ ಗುಲ್ಮ ಊದಿದೆಯೇ ಎಂದು ನೋಡುವುದು. ಗುರುವಾರ, ಶುಕ್ರವಾರ ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿಗಳಲ್ಲಿ, ಬರಿಗಾಲಿನಿಂದ ಒಳಹೊಕ್ಕು ಕರುಳಲ್ಲಿ ರಕ್ತ ಹೀರುವ ಕೊಕ್ಕೆಹುಳುವಿನ ಸಮೀಕ್ಷೆ. ಶನಿವಾರ ಹಾಸನದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ವಾರದ ಡಬ್ಬಿಗಳನ್ನೆಲ್ಲ ನೋಡಿ ಮುಗಿಸುವುದು. ನಾಲ್ಕು ಊರು, ನಾಲ್ವರು ವೈದ್ಯರು. ಪ್ರತಿಯೊಬ್ಬರಿಗೂ ನಾನು ಅವರೊಬ್ಬರ ಆಳು. ಅರಕಲಗೂಡಿನಲ್ಲಿ ಹೆರಿಗೆ ತಡವಾಗಿ ಬುಧವಾರ ಅಲ್ಲೇ ಉಳಿದರೆ ಹೊಳೆನರಸೀಪುರದವರಿಗೆ ಮುನಿಸು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಚನ್ನರಾಯಪಟ್ಟಣದ ಬಸ್ಸು ಹೋಗಿರುತ್ತಿತ್ತು. ಪಠ್ಯಪುಸ್ತಕವನ್ನು ಬಸ್ಸಿನಲ್ಲೇ ಓದಿದೆ. ಒಮ್ಮೆ ಕಂಡಕ್ಟರು ನನ್ನ ಚೀಲ ಎತ್ತಿ ಮೇಲಿಡುತ್ತಾ, "ಏನ್ ಸಾ, ತುಪ್ಪದ್ ಡಬ್ಬೀನಾ? ಮದ್ವೆ ಮನೆಗಾ?" ಎಂದ. ನಲವತ್ತು ಜನರ ಮಲ ಅದರಲ್ಲಿತ್ತು. ಹೌದಪ್ಪಾ, ಹುಷಾರು ಎಂದೆ.

ಈಗ ಡಬ್ಬಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ತಮ್ಮ ಕೀರ್ತಿಯೆಲ್ಲ ಅದರೊಳಗಿದೆ. ಮನೆಯಲ್ಲಿ ಎಷ್ಟು ಜನರೋ ಅಷ್ಟು ತಗಡಿನ ಡಬ್ಬಿ, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರಿನ ಚೀಟಿ. ಗುರುವಾರ ಕೊಟ್ಟು ಬಂದು ಶುಕ್ರವಾರ ತುಂಬಿದ್ದನ್ನು ತರಬೇಕು. ನಮ್ಮ ಕೇರಿಯಲ್ಲಿ ನಾನು ಒಳಗೆ ಹೋಗಿ, ಕೂತು, ಯಾಕೆ ಏನು ಎಂದು ವಿವರಿಸಿ ಕೊಟ್ಟೆ. ಗೌಡರ ಬೀದಿಯಲ್ಲಿ ಕೇರಿಯ ಹುಡುಗ ಎಲ್ಲಿಯವರೆಗೆ ಹೋಗಬಹುದೋ ಅಲ್ಲಿಯವರೆಗೆ ಹೋದೆ, ಅಂದರೆ ಜಗಲಿಯವರೆಗೆ. ಡಬ್ಬಿಗಳನ್ನು ಜಗಲಿಯ ಮೇಲಿಟ್ಟು ಕೂಗಿ ಹೇಳಿ ಬಂದೆ. ತಾವು ಜೀಪಿನಲ್ಲಿ ಒಂದೇ ಒಂದು ದಿನ ಬಂದಿರಲ್ಲ, ಅಂದು ಪಟೇಲ್ ಚನ್ನಪ್ಪನವರ ನಡುಮನೆಯಲ್ಲಿ ಕೂತು ಕಾಫಿ ಕುಡಿದಿರಿ. ನಾನು ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದೆ. ಒಳಗಿದ್ದ ತಾವು, ಈ ಡಬ್ಬಿ ಯಾತಕ್ಕೆ ಎಂದು ಒಂದು ಮಾತು ಅವರಿಗೆ ಹೇಳಬಹುದಿತ್ತು. ಮಳೆ ಬೆಳೆ ವಿಚಾರಿಸಿ ಎದ್ದು ಬಂದಿರಿ.

ನವೆಂಬರಿನ ಒಂದು ಶನಿವಾರ ಪಟೇಲರ ಮನೆಯ ಒಂಬತ್ತು ಡಬ್ಬಿಗಳನ್ನು ನೋಡಿದೆ. ಒಂಬತ್ತರಲ್ಲೂ ಕೊಕ್ಕೆಹುಳುವಿನ ಮೊಟ್ಟೆ ತುಂಬಿತ್ತು. ಮೆಟ್ಟು ಹಾಕಿಕೊಂಡು ಓಡಾಡುವ, ಗದ್ದೆಗಿಳಿದು ಕೆಸರು ತುಳಿಯದ ಮನೆಯಲ್ಲಿ ಇಷ್ಟೊಂದೇ ಎಂದು ಸೋಜಿಗಪಡುತ್ತಲೇ ಬರೆದುಕೊಂಡೆ. ಅದರಲ್ಲಿ ಒಂದು ಡಬ್ಬಿ ಪಟೇಲರ ಅಕ್ಕ ಬೆಟ್ಟಮ್ಮನವರದು. ಮೂರು ದಿನ ಕಳೆದು ಮಂಗಳವಾರ ಅರಕಲಗೂಡಿನಲ್ಲಿ ಬಸುರಿಯೊಬ್ಬರ ರಕ್ತ ತೆಗೆಯಲು ಕೂತಿದ್ದೇನೆ, ಆಕೆಯ ಪಕ್ಕದಲ್ಲಿ ಸಾಕ್ಷಾತ್ ಬೆಟ್ಟಮ್ಮ!

"ಅಯ್ಯೋ, ನೀನು ಲಕ್ಕಯ್ಯನ ಮಗ ಅಲ್ವೇನ್ಲಾ?" ಎಂದರು.

"ಹೌದವ್ವಾ. ನೀವು ಇಲ್ಲಿಗೆ ಯಾವಾಗ ಬಂದ್ರಿ?"

"ಇಪ್ಪತ್ ದಿನ ಆಯ್ತು ಕಣ. ಮಗ್ಳಿಗೆ ರಕ್ತ ಕಮ್ಮಿ, ಅಲ್ಲಾಡ್ಬಾರ್ದು ಅಂದ್ರಂತೆ. ಅದ್ಕೆ ನಾನೇ ಬಂದ್ಬುಟ್ಟೆ. ಊರ್ ಕಡೆ ತಲೆ ಆಕಿಲ್ಲ."

ಇಪ್ಪತ್ತು ದಿನದಿಂದ ಅರಕಲಗೂಡಿನಲ್ಲಿರುವ ಹೆಂಗಸಿನ ಡಬ್ಬಿ, ನಾಲ್ಕು ದಿನದ ಹಿಂದೆ ಚನ್ನರಾಯಪಟ್ಟಣದ ಹಳ್ಳಿಯಲ್ಲಿ ತುಂಬಿ ಹಾಸನಕ್ಕೆ ಬಂದಿದೆ! ನಾಲ್ಕು ಕಡೆ ದುಡಿದದ್ದರಿಂದ ನನಗೆ ಸಿಕ್ಕ ಏಕೈಕ ಲಾಭ ಇದು. ಒಂದೇ ಊರಲ್ಲಿ ಕೂತಿದ್ದರೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ.

ಆ ಗುರುವಾರ ಸೀದಾ ನಮ್ಮ ಕೇರಿಗೆ ಹೋಗಿ, ಪಟೇಲರ ಮನೆಯಲ್ಲಿ ಕೊಟ್ಟಿಗೆ ಕೆಲಸ ಮಾಡುವ ನನ್ನ ಚಿಕ್ಕಮ್ಮ ಮಲ್ಲಿಗಮ್ಮನನ್ನು ಕೇಳಿದೆ. ಆಕೆ ನಕ್ಕಳು. "ಗೌಡ್ರ ಮನೆಯೋರು ಅಂಥದ್ನ ಡಬ್ಬಿಗೆ ಆಕ್ಕೊಡ್ತಾರೇನ್ಲಾ ಮಂಚಾ? 'ಮಲ್ಲೀ, ತಕಂಡೋಗಿ ತುಂಬ್ಕಂಡ್ ಬಾ' ಅಂದ್ರು. ನಾನು, ನಿಮ್ ಚಿಕ್ಕಪ್ಪ, ಮಕ್ಳು ಸೇರ್ಕಂಡು ತುಂಬಿದ್ವಿ. ನಿನ್ ಓದ್ಗೆ ತೊಂದ್ರೆ ಆಗ್ಬಾರ್ದಲ್ಲಾ ಅಂತ."

"ಮತ್ತೆ ನಿಮ್ಮ ಡಬ್ಬಿ ಯಾಕೆ ಖಾಲಿ ಬಂತು ಚಿಕ್ಕವ್ವಾ?"

"ಇನ್ನೆಲ್ಲಿಂದ ತರಾನ್ಲಾ? ಅವ್ರ ಒಂಬತ್ ತುಂಬೋ ಅಷ್ಟ್ರಲ್ಲೇ ಸಾಕಾಗೋಯ್ತು!"

ಮನೆಯ ಹೇಸಿಗೆಯ ಕೆಲಸವೆಲ್ಲ ಆಳಿನದು ಎಂಬ ಪದ್ಧತಿ ಸಂಶೋಧನೆಯಲ್ಲೂ ನಡೆದುಹೋಗಿತ್ತು. ಎರಡು ದಿನ ಕೇರಿಯ ಮನೆಮನೆಗೆ ಹೋಗಿ ಯಾರದನ್ನು ಯಾರು ತುಂಬಿದರೆಂದು ಬರೆದುಕೊಂಡೆ. ಗೌಡರ ಬೀದಿಯ ಎಂಬತ್ತನಾಲ್ಕು ಡಬ್ಬಿಗಳಲ್ಲಿ ಅರವತ್ತೊಂದು ಕೇರಿಯವರು ತುಂಬಿದ್ದು. ಕೇರಿಯದೇ ಡಬ್ಬಿಗಳಲ್ಲಿ ಮೂವತ್ತೆಂಟು ಖಾಲಿ. ಖಾಲಿ ಡಬ್ಬಿಯ ಹೆಸರಿನ ಮುಂದೆ ನಾನು ಮೊದಲೇ ಏನೂ ಬರೆಯದೆ ಜಾಗ ಬಿಟ್ಟಿದ್ದೆ. ತಿದ್ದಿದ ಪಟ್ಟಿ ಹಿಡಿದು ತಮ್ಮ ಕಚೇರಿಗೆ ಓಡಿ ಬಂದೆ. ತಾವು ಮುಖ ಎತ್ತಲಿಲ್ಲ. "ಡಬ್ಬಿಯ ಮೇಲೆ ಯಾರ ಹೆಸರಿದೆಯೋ ಅವರದೇ ಕಣಯ್ಯಾ. ಪಟೇಲರನ್ನ ಹೋಗಿ ಕೇಳೋಕಾಗುತ್ತೇ? ಟೈಪ್ ಆಗಿಹೋಗಿದೆ, ನಡಿ" ಎಂದಿರಿ.

ಜನವರಿಯಲ್ಲಿ ತಾವು ಬೆಂಗಳೂರಿನ ಸಮ್ಮೇಳನದಲ್ಲಿ ಓದಿದ ಪ್ರಬಂಧ ಅಚ್ಚಾಗಿ ಬಂತು. ನನ್ನ ಹೆಸರು ಹುಡುಕಿದೆ. ಟೈಪ್ ಮಾಡಿಕೊಟ್ಟವರಿಗೂ ವಂದನೆಯಿದೆ, ನನಗಿಲ್ಲ. ಹೋಗಲಿ ಎನ್ನೋಣ. ಆದರೆ ನಾನು ಬಿಟ್ಟ ಮೂವತ್ತೆಂಟು ಖಾಲಿ ಜಾಗಗಳಲ್ಲೂ ತಾವು "ಆರೋಗ್ಯವಂತರು" ಎಂದು ತುಂಬಿಸಿದ್ದೀರಿ! ಇಡೀ ಕೇರಿಯನ್ನು ಒಂದೇ ಮಧ್ಯಾಹ್ನದಲ್ಲಿ ಕುರ್ಚಿಯಿಂದ ಏಳದೆ ಗುಣಪಡಿಸಿದ ವೈದ್ಯರು ಈ ರಾಜ್ಯದಲ್ಲಿ ಇನ್ನೊಬ್ಬರಿರಲಾರರು. ಅದರ ಮೇಲೊಂದು ತೀರ್ಮಾನ ಬೇರೆ: ಅನುಕೂಲಸ್ಥರಲ್ಲೇ ಕೊಕ್ಕೆಹುಳು ಹೆಚ್ಚು, ಬರಿಗಾಲಲ್ಲಿ ನಡೆಯುವ ಕೂಲಿಗಳಲ್ಲಿ ಕಡಿಮೆ, ಆದ್ದರಿಂದ ಕೇರಿಗಳಲ್ಲಿ ಕಕ್ಕಸು ಕಟ್ಟಿಸುವ, ಚಪ್ಪಲಿ ಹಂಚುವ ಯೋಜನೆ ಅನಗತ್ಯ. ಸಮಿತಿ ಚಪ್ಪಾಳೆ ತಟ್ಟಿ ಯೋಜನೆಯನ್ನು ಕೈಬಿಟ್ಟಿತು.

ಔಷಧಿ ಮಾತ್ರ ಬಂತು, ಗೌಡರ ಬೀದಿಗೆ. ಪಟೇಲರ ಮನೆಯ ಒಂಬತ್ತು ಮಂದಿ, ಅಷ್ಟರಲ್ಲಿ ಊರಿಗೆ ಮರಳಿದ್ದ ಬೆಟ್ಟಮ್ಮನವರೂ ಸೇರಿ, ಇಲ್ಲದ ಹುಳುವಿಗೆ ಖಾಲಿ ಹೊಟ್ಟೆಯಲ್ಲಿ ಔಷಧಿ ನುಂಗಿ, ಮೇಲೆ ಭೇದಿ ಉಪ್ಪು ಕುಡಿದರು. ಅಂದು ಚನ್ನಪ್ಪನವರು ಚೊಂಬು ಹಿಡಿದು ಬೇಲಿಯ ಕಡೆ ಹನ್ನೊಂದು ಸಲ ಓಡಿದರಂತೆ. ಕೇಳಿ ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಎರಡು ದಿನ ನಕ್ಕೆ. ಆಮೇಲೆ ಮಲ್ಲಿಗಮ್ಮನನ್ನು ಹಾಸನಕ್ಕೆ ಕರೆತಂದು ರಕ್ತ ನೋಡಿದೆ. ಹಿಮೋಗ್ಲೋಬಿನ್ ಹದಿಮೂರು ಗ್ರಾಂ ಇರಬೇಕಾದ ಕಡೆ ಐದು ಇತ್ತು. ಆಸ್ಪತ್ರೆಯ ಮೆಟ್ಟಿಲಲ್ಲಿ ಮೂರು ಕಡೆ ಕೂತು ಹತ್ತಿದಳು. ನನ್ನ ನಗು ಅಲ್ಲಿಗೆ ನಿಂತಿತು. ಒಬ್ಬ ವೈದ್ಯರು ಕನಿಕರದಿಂದ ಆಕೆಗೆ ಔಷಧಿ ಕೊಟ್ಟರು. ಕೇರಿಯ ಉಳಿದವರು ತಾವು ಬರೆದ ಪ್ರಬಂಧದಲ್ಲಿ ಆರೋಗ್ಯವಂತರು, ಅವರಿಗೆ ಯಾರು ಕೊಡುತ್ತಾರೆ?

ಪ್ರಬಂಧವನ್ನು ತಿದ್ದಿ ಎಂದು ಫೆಬ್ರವರಿ ಮೂರರಂದು ತಮಗೆ ರಿಜಿಸ್ಟರ್ ಅಂಚೆಯಲ್ಲಿ ಬರೆದೆ. ಹನ್ನೆರಡರಂದು ತಾವು ಕಾಲೇಜಿಗೆ ನನ್ನ ಅಲೆದಾಟದ ಬಗ್ಗೆ ಬರೆದಿರಿ. ಒಂಬತ್ತು ದಿನದಲ್ಲಿ ಉತ್ತರ! ಕರ್ತವ್ಯ ಪತ್ರ ಕೇಳಿ ಬರೆದ ಐದು ಕಾಗದಗಳಿಗೆ ಐದು ತಿಂಗಳಾದರೂ ಉತ್ತರವಿಲ್ಲ. ಪರೀಕ್ಷೆಯಿಂದ ಹೊರಗೆ ಹಾಕಿದರೆ ಕೇರಿಯ ಹುಡುಗ ಅತ್ತುಕೊಂಡು ಊರು ಸೇರುತ್ತಾನೆ ಎಂದುಕೊಂಡಿರೇನು?

ತಾವು ಒಂದು ಲೆಕ್ಕ ತಪ್ಪಿದ್ದೀರಿ. ತಮ್ಮ ಪ್ರಬಂಧದ ಎರಡನೇ ಪುಟದಲ್ಲಿ, "ಲೇಖಕರು ಖುದ್ದಾಗಿ ಹಳ್ಳಿಗಳನ್ನು ಸುತ್ತಿ, ಪ್ರತಿಯೊಂದು ಡಬ್ಬಿಯನ್ನೂ ಖುದ್ದಾಗಿ ಪರೀಕ್ಷಿಸಿದ್ದಾರೆ" ಎಂದಿದೆ. ಕಾಲೇಜಿಗೆ ಬರೆದ ಪತ್ರದಲ್ಲಿ ನಾನು ಸಮಿತಿಯ ಕೆಲಸ ಮಾಡಲೇ ಇಲ್ಲ ಎಂದಿದೆ. ಒಳ್ಳೆಯದು, ಅದನ್ನೇ ನಂಬೋಣ. ಹಾಗಾದರೆ ಅರಕಲಗೂಡಿನಲ್ಲಿದ್ದ ಬೆಟ್ಟಮ್ಮನವರ ಡಬ್ಬಿಯನ್ನು ಊರಲ್ಲಿ ಖುದ್ದಾಗಿ ಪಡೆದವರು ತಾವು. ಹೇಗೆ ಪಡೆದಿರೆಂದು ದಯವಿಟ್ಟು ವಿವರಿಸಿ. ಇಲ್ಲ, ಡಬ್ಬಿ ತಂದವನು ಆ ಹುಡುಗ ಎನ್ನುವುದಾದರೆ, ನಾನು ಕರ್ತವ್ಯದ ಮೇಲಿದ್ದೆ, ಪುಟ ಎರಡು ಸುಳ್ಳು. ಎರಡರಲ್ಲಿ ಯಾವುದಕ್ಕೆ ಬೇಕಾದರೂ ಸಹಿ ಮಾಡಿ, ನನಗೆ ಭೇದವಿಲ್ಲ. ಎರಡಕ್ಕೂ ಸಹಿ ಮಾಡಲು ಮಾತ್ರ ಬಿಡುವುದಿಲ್ಲ.

ನನ್ನ ಬೇಡಿಕೆ ಇದು. ಮಾರ್ಚ್ ಇಪ್ಪತ್ತರೊಳಗೆ ನನ್ನ ನೂರ ನಲವತ್ತೆರಡು ದಿನಗಳ ಕರ್ತವ್ಯ ಪತ್ರ ಕಾಲೇಜಿಗೆ ತಲುಪಬೇಕು. ಅದಕ್ಕೆ ಬದಲಾಗಿ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆಂಬ ಆಸೆ ಬೇಡ. ತಿದ್ದಿದ ಪಟ್ಟಿಯ ಪ್ರತಿಗಳು ನಿನ್ನೆಯೇ ಸಮಿತಿಯ ಅಧ್ಯಕ್ಷರಿಗೂ ಸಮ್ಮೇಳನದವರಿಗೂ ಹೋಗಿವೆ. ಅಚ್ಚಾದ ಪ್ರಬಂಧವನ್ನು ಬೆಟ್ಟಮ್ಮನವರಿಗೂ ಓದಿ ಹೇಳಿದ್ದೇನೆ. "ನನ್ನೆಸ್ರಲ್ಲಿ ಹುಳ ಬರ್ದೋನು ಯಾವನ್ಲಾ ಅವ್ನು? ಒಂದ್ಸಲ ನನ್ನೆದ್ರಿಗೆ ನಿಲ್ಸು, ಕೇಳ್ತೀನಿ" ಎಂದು ಸೆರಗು ಸಿಕ್ಕಿಸಿ ಕೂತಿದ್ದಾರೆ.

ತಮ್ಮ ಸಮಿತಿಯ ವಾರ್ಷಿಕ ಸಭೆಯೂ ಏಪ್ರಿಲ್ ಆರರಂದೇ, ಬೆಳಿಗ್ಗೆ ಹತ್ತು ಗಂಟೆಗೆ, ಸಾರ್ವಜನಿಕರಿಗೂ ಪ್ರವೇಶವುಂಟು ಎಂದು ಪ್ರಕಟಣೆಯಲ್ಲಿ ಓದಿದೆ. ನನ್ನ ಪರೀಕ್ಷೆಯೂ ಅದೇ ಹತ್ತು ಗಂಟೆಗೆ. ಪರೀಕ್ಷೆಗೆ ಬಿಡದಿದ್ದರೆ ಆ ದಿನ ನನಗೆ ಬೇರೆ ಕೆಲಸವಿರುವುದಿಲ್ಲ. ಬೆಟ್ಟಮ್ಮನವರನ್ನೂ ಮಲ್ಲಿಗಮ್ಮನನ್ನೂ ಕರೆದುಕೊಂಡು ಬಂದು ಮೊದಲನೇ ಸಾಲಿನಲ್ಲಿ ಕೂರುತ್ತೇನೆ. ನನ್ನನ್ನು ಎಲ್ಲಿ ಕೂರಿಸಬೇಕೆಂಬುದನ್ನು ತಾವೇ ತೀರ್ಮಾನಿಸಿ.

ಇಂತಿ,
ತಾವು ಕಳಿಸಿದ ಕಡೆಗೆಲ್ಲ ಹೋಗಿ, ತಮ್ಮ ಪ್ರಕಾರ ಎಲ್ಲೂ ಇಲ್ಲದಿದ್ದವನು,
ಎಲ್. ಮಂಚಯ್ಯ
ಅಂತಿಮ ವರ್ಷದ ವೈದ್ಯಕೀಯ ವಿದ್ಯಾರ್ಥಿ, ಮಾರ್ಚ್ ಇಪ್ಪತ್ತರವರೆಗೆ