ಲೈಟು ಕೆಳಗಿಟ್ಟ ಹನ್ನೊಂದು ಸೆಕೆಂಡು

ಹಳೇ ಹುಬ್ಬಳ್ಳಿ
೨ ನವೆಂಬರ್ ೨೦೨೫, ರವಿವಾರ

ಮಗಳು ಸೌಮ್ಯಾಳಿಗೆ ನಿಮ್ಮಪ್ಪನ ಆಶೀರ್ವಾದ.

ಮೊದಲೇ ಹೇಳಿಬಿಡುತ್ತೇನೆ, ಈ ಬರೆಯುವ ಕೆಲಸ ನನಗೆ ಸೇರುವುದಿಲ್ಲ. ಆರನೆಯ ಇಯತ್ತೆಗೆ ಸಾಲಿ ಬಿಟ್ಟವನ ಕೈಗೆ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಪೆನ್ನು ಕೊಟ್ಟು ನೀನು ಬೀದರದಲ್ಲಿ ಆರಾಮ ಕೂತಿದ್ದೀ. "ಅಪ್ಪಾ, ಕಂಪ್ಯೂಟರ್ ವಿಷಯ ಫೋನಿನ್ಯಾಗ ತಗೀಬ್ಯಾಡ್ರಿ. ನೀವು ಒದರತೀರಿ, ನಾ ಫೋನ್ ಇಡತೇನಿ. ಏನಿದ್ರೂ ಬರದು ಕಳಸ್ರಿ" ಎಂದೆ. ಒದರುತ್ತೇನೆ, ಹೌದು. ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಆರಿಹೋಗುವ ಡಬ್ಬಿಯನ್ನು ಮನೆಯಲ್ಲಿ ಬಿಟ್ಟು ಹೋದರೆ ಯಾರಾದರೂ ಒದರುತ್ತಾರೆ. ಮೊಬೈಲಿನಲ್ಲಿ ಅಕ್ಷರ ಒತ್ತುವುದಕ್ಕೆ ನನ್ನ ಬೆರಳು ದಪ್ಪ. ಅದಕ್ಕೆ ಈ ಕಾಗದ. ಅಕ್ಷರ ಓದಲು ಬರದಿದ್ದರೆ ಅಳಿಯನಿಗೆ ಕೊಡು, ಅವರು ಮಾಸ್ತರರು, ಇದಕ್ಕಿಂತ ಕೆಟ್ಟ ಅಕ್ಷರ ದಿನಾ ನೋಡುತ್ತಾರೆ.

ನೀನು ಹೇಗಿದ್ದೀ? ಅಲ್ಲಿ ಥಂಡಿ ಶುರುವಾಗಿರಬೇಕು. ಲ್ಯಾಬಿನಲ್ಲಿ ಕೂತು ಮಂದಿಯ ರಕ್ತ ತಪಾಸಣೆ ಮಾಡುವವಳು ನಿನ್ನ ರಕ್ತವನ್ನೂ ಒಮ್ಮೆ ನೋಡಿಕೋ, ಪಂಚಮಿಗೆ ಬಂದಾಗ ಮಾರಿ ಬಿಳುಚಿಕೊಂಡಿತ್ತು. ಮೆಂತ್ಯದ ಪಲ್ಯ ತಿನ್ನು. ನನ್ನ ಮೊಣಕಾಲು ಹಾಗೇ ಇದೆ, ಅದರ ಮಾತು ಬಿಡು. ನಿಮ್ಮ ಕಾಕಾ, ಕಾಕಿ, ಹುಡುಗರು ಎಲ್ಲ ಆರಾಮ. ನಿನ್ನೆ ರಾಜ್ಯೋತ್ಸವದ ಸ್ಪೀಕರನ್ನು ನಮ್ಮ ಕಿಟಕಿಗೇ ಮುಖ ಮಾಡಿ ಕಟ್ಟಿದ್ದರು. ಹೋಗಿ ತಿರುಗಿಸಿ ಬಂದೆ. ನಿಮ್ಮ ಕಾಕಿ ಇಡೀ ದಿವಸ ನನ್ನ ಕೂಡ ಮಾತಾಡಲಿಲ್ಲ, ಅದೂ ಒಂದು ಛಲೋ ಆಯಿತು.

ಈಗ ವಿಷಯಕ್ಕೆ ಬರುತ್ತೇನೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಹಳೆಯ ವಿಡಿಯೋ ಕ್ಯಾಸೆಟ್ ಸಿಕ್ಕಿತು. ೧೯೯೩ರ ಮೇ ತಿಂಗಳು, ಹೆಬ್ಬಳ್ಳಿಯ ಒಂದು ಮದುವೆ. ಅದರಲ್ಲಿ ನಿಮ್ಮವ್ವ ಇದ್ದಾಳೆ. ಹನ್ನೊಂದು ಸೆಕೆಂಡು. ಅವಳ ಕಂಕುಳಲ್ಲಿ ನೀನಿದ್ದೀ, ಎರಡು ವರ್ಷದವಳು. ಇಷ್ಟು ಓದಿದ ಕೂಡಲೇ ಫೋನ್ ಹಚ್ಚಬೇಡ, ಪೂರ್ತಿ ಓದು.

ನಿಮ್ಮವ್ವ ರತ್ನವ್ವನ ಚಿತ್ರ ನಮ್ಮ ಮನೆಯಲ್ಲಿ ಯಾಕಿಲ್ಲ ಎಂದು ಸಣ್ಣವಳಿದ್ದಾಗ ಕೇಳಿ ಕೇಳಿ ನನ್ನನ್ನು ಸಾಕು ಮಾಡಿದ್ದೆ. ಗೋಡೆಯ ಮೇಲಿರುವುದು ನಮ್ಮ ಲಗ್ನದ ಫೋಟೋ ಒಂದೇ, ಅದರಲ್ಲೂ ಬಾಸಿಂಗದ ಕೆಳಗೆ ಮುಖ ತಗ್ಗಿಸಿ ನಿಂತಿದ್ದಾಳೆ. ಹುಬ್ಬಳ್ಳಿ-ಧಾರವಾಡದ ನೂರಾರು ಮದುವೆ ವಿಡಿಯೋ ತೆಗೆದವನ ಹೆಂಡತಿ ಒಂದು ಕ್ಯಾಸೆಟ್ಟಿನಲ್ಲೂ ಇಲ್ಲವೆಂದರೆ ಯಾರು ನಂಬುತ್ತಾರೆ? ಆದರೆ ಅವಳು ಯಾವಾಗಲೂ ಕ್ಯಾಮೆರಾದ ಈಚೆ ಕಡೆ, ನನ್ನ ಎಡಕ್ಕೆ, ಲೈಟು ಹಿಡಿದು ನಿಲ್ಲುತ್ತಿದ್ದಳು. ಸಾವಿರ ವ್ಯಾಟಿನ ಹ್ಯಾಲೋಜನ್, ಹಿಡಿಕೆಯೂ ಸುಡುತ್ತಿತ್ತು. ಲೈಟಿಗೆಂದು ಇಟ್ಟುಕೊಂಡ ಆಳುಗಳು ಊಟದ ಹೊತ್ತಿಗೆ ಲೈಟು ಎಲ್ಲೋ ಒರಗಿಸಿ ಪಂಕ್ತಿಯಲ್ಲಿ ಕೂತುಬಿಡುತ್ತಿದ್ದರು. ಒಮ್ಮೆ ಹಾಗೆಯೇ ಆಗಿ ನಾನು ಜಗಳ ತೆಗೆದಾಗ, "ನಾ ಹಿಡೀತೇನ್ರಿ, ಅದೇನು ಗುಡ್ಡಾ ಹೊರೂದೈತೇನು" ಎಂದು ಸೆರಗು ಸಿಕ್ಕಿಸಿಕೊಂಡು ನಿಂತಳು. ಓಣಿಯವರು, ಹೆಂಡತಿ ಕೈಯಲ್ಲಿ ದೀಪ ಕೊಟ್ಟು ಊರೂರು ತಿರುಗಿಸುತ್ತಾನೆ ಎಂದು ಆಡಿಕೊಂಡರು. ಆಡಿಕೊಂಡವರೇ ತಮ್ಮ ಮನೆಯ ಮದುವೆಗೆ "ವೈನೀನ್ನ ಕರಕೊಂಡು ಬಾ, ಹೆಣ್ಣುಮಕ್ಕಳಿಗೆ ಸಂಕೋಚ ಆಗೂದಿಲ್ಲ" ಎಂದರು.

ಲೈಟಿನ ಕೆಲಸ ಅವಳಿಗೆ ಯಾರೂ ಕಲಿಸಲಿಲ್ಲ. ಮುಖಕ್ಕೆ ನೇರ ಬಿಟ್ಟರೆ ಮೂಗಿನ ನೆರಳು ಬಾಯಿಯ ಮೇಲೆ ಬೀಳುತ್ತದೆ ಎಂದು ಎರಡನೆಯ ಮದುವೆಗೇ ತಿಳಿದುಕೊಂಡಳು. ಹಂದರದ ಬಿಳಿ ಬಟ್ಟೆಗೆ ಹೊಡೆದು ಬೆಳಕನ್ನು ಇಳಿಸುತ್ತಿದ್ದಳು, ಮದುಮಗಳ ಮಾರಿ ಬೆಣ್ಣೆಯ ಹಾಗೆ ಬರುತ್ತಿತ್ತು. ಮುದುಕರು ಎದುರು ಬಂದರೆ ತಾನಾಗಿಯೇ ಲೈಟು ಓರೆ ಮಾಡುವವಳು. "ಕಣ್ಣಿಗೆ ಚುಚ್ಚತೈತ್ರಿ ಪಾಪ" ಎನ್ನುತ್ತಿದ್ದಳು. ನಾನು ಅದಕ್ಕೂ ಬೈಯುತ್ತಿದ್ದೆ. ವೈರಿನ ತುದಿಯ ರಬ್ಬರನ್ನು ಹಲ್ಲಿನಿಂದ ಸುಲಿಯುವುದು ಅವಳ ರೂಢಿ. ಕುಂದಗೋಳದ ಹತ್ತಿರದ ಒಂದು ಮದುವೆಯಲ್ಲಿ ಹಾಗೆ ಮಾಡಿ ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡಳು. ಆಮೇಲೆ ನಗುವಾಗ ಆ ಸಂದಿಯಲ್ಲಿ ನಾಲಗೆಯ ತುದಿ ಕಾಣುತ್ತಿತ್ತು. ನೀನು ಕಂಕುಳಿಗೆ ಬಂದ ಮೇಲೂ ಕೆಲಸ ಬಿಡಲಿಲ್ಲ. ನಿನ್ನನ್ನು ಕೌದಿಯ ಮೇಲೆ ಮಲಗಿಸಿ, ಕಣ್ಣಿಗೆ ಬೀಳುವ ಹಾಗೆ ಹಂದರದ ಕಂಬದ ಬುಡಕ್ಕೆ ಹಾಕಿ, ಲೈಟು ಹಿಡಿಯುತ್ತಿದ್ದಳು. ಮದುವೆ ಮುಗಿಸಿ ಟೆಂಪೋದಲ್ಲಿ ಬರುವಾಗ ಕ್ಯಾಮೆರಾ ನನ್ನ ತೊಡೆಯ ಮೇಲೆ, ನೀನು ಅವಳ ತೊಡೆಯ ಮೇಲೆ, ಬಿಸಿ ಆರದ ಲೈಟು ಇಬ್ಬರ ನಡುವೆ. ಗಬ್ಬೂರ ದಾಟಿದ ಮೇಲೆ ಅವಳು ಅಡಕಿ ಬಾಯಿಗೆ ಹಾಕಿಕೊಂಡು, ಆ ದಿನ ಯಾರ ಬೀಗಿತ್ತಿ ಸಿಟ್ಟಾದಳು, ಯಾರ ಕಾಕಾ ಎರಡು ಸಲ ಊಟಕ್ಕೆ ಕೂತ ಎಂದೆಲ್ಲ ಹೇಳಿ ನಗಿಸುತ್ತಿದ್ದಳು. ನಾನು ನಗುವವನು ಎಂದು ಬರೆದರೆ ನೀನು ನಂಬುವುದಿಲ್ಲ, ಇರಲಿ.

ಹೊಸ ಕ್ಯಾಮೆರಾ ತಂದಾಗ ನೋಡಲೆಂದು ಮನೆಯಲ್ಲಿ ಅವಳನ್ನು ತೆಗೆದಿದ್ದೆ. ರೊಟ್ಟಿ ಬಡಿಯುವುದು, ನಿನಗೆ ಎಣ್ಣೆ ಹಚ್ಚಿ ಎರೆಯುವುದು. ಎಲ್ಲ ಹೋಯಿತು. ಆಗ ನಮ್ಮ ಕಸುಬಿನ ಪದ್ಧತಿಯೇ ಹಾಗಿತ್ತು, ಮದುವೆಯವರಿಗೆ ಕಾಪಿ ಮಾಡಿ ಕೊಟ್ಟ ಮೇಲೆ ಮೂಲ ಕ್ಯಾಸೆಟ್ಟಿನ ಮೇಲೆಯೇ ಮುಂದಿನ ಮದುವೆ ತೆಗೆಯುವುದು. ಅವಳು ರೊಟ್ಟಿ ಬಡಿಯುತ್ತಿದ್ದ ಜಾಗದಲ್ಲಿ ಯಾರದೋ ಬೀಗರು ಊಟಕ್ಕೆ ಕೂತರು. ಹೆಬ್ಬಳ್ಳಿಯ ಮದುವೆಯ ಮರುವರ್ಷ ಕಾಮಾಲೆಯಾಗಿ ಅವಳು ಹೋದಾಗ ಹುಡುಕಿದೆ, ಒಂದೂ ಇರಲಿಲ್ಲ. ಹೆಬ್ಬಳ್ಳಿಯದೊಂದು ಹೇಗೆ ಉಳಿಯಿತೋ.

ಅದರಲ್ಲಿ ಇರುವುದು ಇಷ್ಟು. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ನೀನು ಎದ್ದು ಅತ್ತೆ. ಅವಳು ಲೈಟನ್ನು ಕುರ್ಚಿಯ ಮೇಲೆ ಗೋಡೆಗೆ ಮುಖ ಮಾಡಿ ಇಟ್ಟು, ಓಡಿ ಹೋಗಿ ನಿನ್ನನ್ನು ಎತ್ತಿಕೊಂಡು, ಕ್ಯಾಮೆರಾದ ಮುಂದೆಯೇ ಹಾಯ್ದು ಬರುತ್ತಾಳೆ. ನಡುವೆ ನಿಂತು ನನ್ನ ಕಡೆ ತಿರುಗಿ ಏನೋ ಹೇಳಿ ನಗುತ್ತಾಳೆ. ನನಗೆ ಸಿಟ್ಟಿನಲ್ಲಿ ಗುಂಡಿ ಒತ್ತಿ ನಿಲ್ಲಿಸುವುದು ನೆನಪಾಗಲಿಲ್ಲ, ಹಾಗಾಗಿ ಉಳಿದಿದೆ. ಆದರೆ ಬೆಳಕು ಹಿಡಿಯುವವಳೇ ಎದುರಿಗೆ ಬಂದರೆ ಬೆಳಕು ಎಲ್ಲಿಂದ ಬರಬೇಕು? ಎಲ್ಲ ಕತ್ತಲು. ಕರಿ ನೀರಿನಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ.

ನಮ್ಮ ಓಣಿಯ ಮೂಲೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಜಾಕೀರನ ಹತ್ತಿರ ಕ್ಯಾಸೆಟ್ಟು, ವಿಸಿಆರ್ ಎರಡನ್ನೂ ಒಯ್ದೆ. ಅವನ ಲಗ್ನ ತೆಗೆದವನೂ ನಾನೇ, ಆ ಸಲುಗೆ. ಅವನು ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಎಐ ಎಂಬ ಹೊಸ ಸಾಫ್ಟ್‌ವೇರಿಗೆ ಹಾಕಿದ. ಮಸುಕಾದ ವಿಡಿಯೋ ಸ್ವಚ್ಛ ಮಾಡುತ್ತದಂತೆ. ಚಹಾ ಕುಡಿಯುವುದರೊಳಗೆ ಆಯಿತು. ನೋಡಿದರೆ ಫಳಫಳ ಹೊಳೆಯುವ ಒಬ್ಬ ಹೆಣ್ಣುಮಗಳು, ಮೂಗು ಚೂಪು, ಹಲ್ಲು ಮುತ್ತಿನ ಸಾಲು. ಅವನ ತಾಯಿ ಅಬೀದಾ ನಿಮ್ಮವ್ವನ ಗೆಳತಿ, ಒಳಗಿನಿಂದ ಬಂದು ಕಣ್ಣು ಕಿರಿದು ಮಾಡಿ ನೋಡಿ, "ಯಾರ ಇಕಿ? ಹಲ್ಲಿನ ಪೇಸ್ಟ್ ಮಾರೂವಾಕಿ ಇದ್ದಂಗ ಅದಾಳ. ನಮ್ಮ ರತ್ನವ್ವನ ಮುಕ್ಕ ಹಲ್ಲ ಎಲ್ಲಿ ಹೋತು?" ಎಂದಳು. ಜಾಕೀರ ತಲೆ ಕೆರೆದುಕೊಂಡು, "ಕಾಕಾ, ಕಾಣದಿದ್ದ ಕಡೆ ಅದು ತಾನ ಅಂದಾಜು ಮಾಡಿ ತುಂಬತೈತ್ರಿ" ಎಂದ. ಅಂದಾಜು ಮಾಡಲಿಕ್ಕೆ ಅದು ಅವಳ ಕೂಡ ಸಂಸಾರ ಮಾಡಿದೆಯೇನು ಎಂದು ಕೇಳಿದೆ. ಅಲ್ಲೇ ಅದನ್ನು ಅಳಿಸಲು ಹಚ್ಚಿದೆ.

ಆದರೆ ಅದೇ ಸಾಫ್ಟ್‌ವೇರಿನಲ್ಲಿ ಇನ್ನೊಂದು ದಾರಿ ಇದೆಯಂತೆ. ಮುಖಕ್ಕೆ ಕೈ ಹಚ್ಚದೆ, ಬರೀ ಬೆಳಕು ಸ್ವಲ್ಪ ಏರಿಸಿ, ರವೆಯಂಥ ಕಾಳು ತೆಗೆಯುವುದು. ಸ್ವಲ್ಪ ಮಾಡು, ನೋಡು, ಹೆಚ್ಚಾದರೆ ಇಳಿಸು, ಹೀಗೆ ಕೂತು ಮಾಡುವ ಕೆಲಸ. ಐದು ನಿಮಿಷಕ್ಕೊಬ್ಬ ಗಿರಾಕಿ ಬರುವ ಅಂಗಡಿಯಲ್ಲಿ ಅದು ಆಗುವುದಿಲ್ಲ. ನಮ್ಮ ಮನೆಯ ಹೆಣ್ಣುಮಗಳ ಚಿತ್ರ ಅಂಗಡಿಯ ಮಷೀನಿನಲ್ಲಿ ಇರುವುದೂ ನನಗೆ ಬೇಡ. ಹಾಗಾದರೆ ನೀನು ಬಿಟ್ಟು ಹೋದ ಕಂಪ್ಯೂಟರಿಗೆ ಇದನ್ನು ತಾಳುವ ಶಕ್ತಿ ಇದೆಯೋ ಇಲ್ಲವೋ ನೋಡು ಎಂದು ಜಾಕೀರನನ್ನು ಮನೆಗೆ ಕರೆದುಕೊಂಡು ಬಂದೆ. "ಅಪ್ಪಾ, ಮುಟ್ಟಬ್ಯಾಡ್ರಿ" ಎಂದು ನೀನು ಅಂಟಿಸಿದ ಚೀಟಿ ಇನ್ನೂ ಅದರ ಮೇಲೆ ಹಾಗೇ ಇದೆ, ಅದನ್ನು ಓದಿ ಅವನು ಗಟ್ಟಿಯಾಗಿ ನಕ್ಕ.

ಡಬ್ಬಿ ಬಿಚ್ಚಿ ಫ್ಯಾನು ತೆಗೆದವನೇ, "ಕಾಕಾ, ಪ್ರೊಸೆಸರ್ ಮ್ಯಾಲಿನ ಪೇಸ್ಟ್ ಯಾರು ತಗದಾರ್ರಿ?" ಎಂದ. ಆರು ವರ್ಷದ ಹಿಂದೆ ನಾನೇ ಅದನ್ನು ಬಿಚ್ಚಿದ್ದೆ. ಫ್ಯಾನಿನ ಕೆಳಗೆ ಬೆಳ್ಳಗೆ ಏನೋ ಹತ್ತಿಕೊಂಡಿತ್ತು. ಹೊಲಸು ಎಂದು ತಿಳಿದು, ವಿಸಿಆರ್ ಹೆಡ್ಡು ಒರೆಸುವ ಹಾಗೆ ಹತ್ತಿಗೆ ಸ್ಪಿರಿಟ್ ಹಚ್ಚಿ, ಕನ್ನಡಿಯಂತೆ ತಿಕ್ಕಿ ಇಟ್ಟೆ. ಅದು ಕಾವು ಎಳೆಯುವ ಪೇಸ್ಟಂತೆ, ಅದಿಲ್ಲದಿದ್ದರೆ ಒಳಗೆ ಕಾದು ಮಷೀನು ತಾನೇ ಆರುತ್ತದಂತೆ. ಅಂದರೆ ಆರು ವರ್ಷ ನಾನು ನಿನಗೆ ಬೈದದ್ದು, ಕರೆಂಟಿನವರಿಗೆ ಬೈದದ್ದು, ಅದನ್ನು ಜೋಡಿಸಿಕೊಟ್ಟ ಅಂಗಡಿಯವನಿಗೆ ಬೈದದ್ದು ಎಲ್ಲ ವಾಪಸ್ಸು. ಇದೊಂದೇ ಸಲ ಬರೆಯುತ್ತೇನೆ, ಎದುರಿಗೆ ಸಿಕ್ಕಾಗ ಇದರ ಮಾತು ತೆಗೆಯಬಾರದು.

ಜಾಕೀರ ಹೊಸ ಪೇಸ್ಟು ಹಚ್ಚಿದ. ಈಗ ಒಂದು ವಾರದಿಂದ ಆರಿಲ್ಲ. ಅವನ ಲೆಕ್ಕ ಹೀಗಿದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲ, ಹೊಸದು ಹಾಕಿದರೆ ಅದಕ್ಕೆ ಕರೆಂಟು ಕೊಡುವ ಪೆಟ್ಟಿಗೆ ಸಣ್ಣದು, ಸಾಲುವುದಿಲ್ಲ. ರ್‍ಯಾಮ್ ಎಂಟು ಜಿಬಿ, ಬೇರೆ ಏನೂ ತೆರೆಯದಿದ್ದರೆ ಹೇಗೋ ಸಾಕು. ಎಲ್ಲ ಭಾರ ಪ್ರೊಸೆಸರ್ ಒಂದೇ ಹೊರಬೇಕು. ನಮ್ಮ ವಿಡಿಯೋದಲ್ಲಿ ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಹನ್ನೊಂದು ಸೆಕೆಂಡಿಗೆ ಇನ್ನೂರಾ ಎಪ್ಪತ್ತೈದು. ಒಂದೊಂದಕ್ಕೆ ಎರಡು ನಿಮಿಷ ಹಿಡಿದರೂ ಮುಂಜಾನೆ ಹಚ್ಚಿದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ. ಡಬ್ಬಿಯ ಮುಚ್ಚಳ ತೆಗೆದು ಪಕ್ಕದಲ್ಲಿ ಟೇಬಲ್ ಫ್ಯಾನು ಇಡಬೇಕು. "ನಡೀತೈತ್ರಿ ಕಾಕಾ, ಎತ್ತಿನ ಗಾಡಿ ನಡದಂಗ" ಎಂದ. ನಡೆಯಲಿ. ಹನ್ನೊಂದು ಸೆಕೆಂಡಿನ ಸಲುವಾಗಿ ಒಂದು ದಿವಸ ಕೂತಿರುವುದಕ್ಕೆ ನನಗೇನು ಬೇರೆ ಕೆಲಸ ಇದೆ?

ತೊಡಕು ಒಂದೇ. ಅದರಲ್ಲಿರುವ ವಿಂಡೋಸ್ ಹಳೆಯದು, ಈ ಸಾಫ್ಟ್‌ವೇರ್ ಅದರ ಮೇಲೆ ಕೂರುವುದಿಲ್ಲ. ಪೂರ್ತಿ ಒರೆಸಿ ಹೊಸದು ಹಾಕಬೇಕಂತೆ. ಒರೆಸಿದರೆ ನಿನ್ನದೆಲ್ಲ ಹೋಗುತ್ತದೆ. ಜಾಕೀರನೇನೋ, ಬೇಕಾದದ್ದನ್ನು ಮೊದಲೇ ಪೆನ್‌ಡ್ರೈವಿಗೆ ತೆಗೆದಿಡುತ್ತೇನೆ, ಯಾವುದೆಂದು ಹೇಳಿ ಎನ್ನುತ್ತಾನೆ. ನನಗೇನು ಗೊತ್ತು? ಲ್ಯಾಬ್ ಪರೀಕ್ಷೆಯ ನೋಟ್ಸು ಇದೆ, ದಾಂಡೇಲಿ ಟ್ರಿಪ್ಪಿನ ಫೋಟೋ ಇವೆ, ಹೆಸರಿಲ್ಲದ ಹತ್ತಿಪ್ಪತ್ತು ಫೋಲ್ಡರ್ ಇವೆ. ಬೇಡದ್ದು ಎಂದು ನಾನು ತಿಳಿದದ್ದೇ ನಿನಗೆ ಬೇಕಾದದ್ದು ಆಗಿರಬಹುದು. ಅಳಿಸುವ ಕೆಲಸ ಈ ಜನ್ಮಕ್ಕೆ ಸಾಕಾಗುವಷ್ಟು ಮಾಡಿದ್ದೇನೆ. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ನೀನೇ ಪಟ್ಟಿ ಬರೆದು ಕಳಿಸು.

ಅಳಿಯ ಗುರುಪಾದ ಅವರಿಗೆ ನನ್ನ ಶರಣು ತಿಳಿಸು. ಥಂಡಿಗೆ ಕಿವಿ ಮುಚ್ಚಿಕೊಂಡು ತಿರುಗಾಡು. ಶಿವ ನಿನ್ನನ್ನು ಸುಖವಾಗಿಟ್ಟಿರಲಿ.

ಇಂತಿ ನಿಮ್ಮಪ್ಪ,
ಫಕೀರಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯಬೇಕು. ಕ್ಯಾಸೆಟ್ ಸಿಕ್ಕಿತು ಎಂದು ಮೇಲೆ ಬರೆದದ್ದು ಸುಳ್ಳು. ಅದು ಅಲ್ಲೇ ಇತ್ತು, ನನಗೆ ಗೊತ್ತಿತ್ತು. ಅವಳು ಹೋದ ಮೇಲೆ ಒಮ್ಮೆ ಹಾಕಿ ನೋಡಿ ಟ್ರಂಕಿನಲ್ಲಿ ಇಟ್ಟೆ. ನೀನು ಕೇಳಿದಾಗಲೆಲ್ಲ ಇಲ್ಲ ಎಂದೆ. ಯಾಕೆಂದರೆ ಅದರಲ್ಲಿ ನನ್ನ ದನಿಯೂ ಇದೆ. ಲೈಟು ಹೋದ ಕೂಡಲೇ ಒದರಿದ್ದೇನೆ, "ಆ ಪೀಡಾನ್ನ ಮನ್ಯಾಗ ಬಿಟ್ಟು ಬಾ ಅಂತ ಹೇಳಿದ್ನಿಲ್ಲ?" ಎಂದು. ಪೀಡೆ ಎಂದದ್ದು ನಿನಗೆ. ಅದಕ್ಕೇ ಅವಳು ತಿರುಗಿದ್ದು. ನಿನ್ನ ಮಾರಿಯನ್ನು ಕ್ಯಾಮೆರಾದ ಕಡೆ ಹಿಡಿದು ನಕ್ಕು, "ಬೈಯೂದು ಬಿಟ್ಟು ಇಕೀದೂ ಒಂದೀಟು ಫೋಟೋ ತಗೀರಿ" ಎನ್ನುತ್ತಾಳೆ. ದನಿ ಸ್ವಚ್ಛ ಇದೆ, ಅದಕ್ಕೆ ಲೈಟು ಬೇಕಾಗಿರಲಿಲ್ಲ. ದನಿ ತೆಗೆದುಬಿಡಲೇನು ಕಾಕಾ ಎಂದು ಜಾಕೀರ ಕೇಳಿದ, ತೆಗೆ ಎಂದೆ. ಆಮೇಲೆ ಅವನೇ ಕ್ಯಾಸೆಟ್ ತಿರುಗಿಸಿ ತೋರಿಸಿದ. ಕ್ಯಾಸೆಟ್ಟಿನ ಬೆನ್ನಿಗೆ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ, ಅದನ್ನು ಮುರಿದರೆ ಅದರ ಮೇಲೆ ಮತ್ತೊಂದು ಮದುವೆ ತೆಗೆಯಲು ಬರುವುದಿಲ್ಲ. ಇದರದು ಮುರಿದಿದೆ. ನಮ್ಮ ಮನೆಯಲ್ಲಿ ಕ್ಯಾಸೆಟ್ ಮುಟ್ಟುತ್ತಿದ್ದ ಕೈ ಎರಡೇ ಜನರದು, ನಾನು ಜನ್ಮದಲ್ಲಿ ಒಂದನ್ನೂ ಮುರಿದವನಲ್ಲ. ಕಾಪಿ ಮಾಡುವಾಗ ಅವಳು ನನ್ನ ಪಕ್ಕದಲ್ಲೇ ಕೂತು ಪ್ರತಿಯೊಂದನ್ನೂ ನೋಡುತ್ತಿದ್ದಳು. ನಾನು ಬೈದದ್ದನ್ನೂ ಕೇಳಿಸಿಕೊಂಡು ಮುರಿದಿಟ್ಟಿದ್ದಾಳೆ. ಹಾಗಾಗಿ ದನಿ ತೆಗೆಯುವುದನ್ನು ತಡೆಸಿದ್ದೇನೆ. ಅದೂ ಇರಬೇಕೋ ಬೇಡವೋ ಎಂದು ಪಟ್ಟಿಯ ಮೊದಲನೆಯ ಸಾಲಿನಲ್ಲಿ ಬರೆ. ಹದಿನೈದನೆಯ ತಾರೀಖು ಶನಿವಾರದೊಳಗೆ ಉತ್ತರ ನನ್ನ ಕೈಯಲ್ಲಿರಬೇಕು. ಫೋನು ಬೇಡ. ಬರೆದು ಕಳಿಸು.