ರಕ್ತ ಕೊಡುವ ತನಕ ಗೋಧಿ ಬಿಡಿಸಬೇಡ

ಸಂಪಗಾಂವ
೧೯ ನವೆಂಬರ್ ೨೦೦೩

ಪ್ರೀತಿಯ ತಂಗಿ ಕಾಡವ್ವಗೆ ನಿನ್ನ ಅಕ್ಕ ರಾಚವ್ವನ ಆಶೀರ್ವಾದಗಳು.

ಹಣಮಂತಪ್ಪನವರ ಮೊಣಕಾಲು ಈಗ ಹೇಗಿದೆ? ಮಗ ಬಸವಲಿಂಗನ ಕೆಮ್ಮು ನಿಂತಿತೇ? ಎಲ್ಲರಿಗಿಂತ ಮೊದಲು ಕೇಳಬೇಕಾದದ್ದು ನಿನ್ನ ಮೊಮ್ಮಗಳು ಶಿವಾನಿಯನ್ನು. ಕೂಸಿನ ಭೇದಿ ಕಟ್ಟಿತೇ? ದೀಪಾವಳಿಗೆ ಮುಂಚೆಯೇ ನಿನ್ನ ಪತ್ರ ಬಂದಿತ್ತು. ಉತ್ತರ ತಡವಾಯಿತು, ಸಿಟ್ಟಾಗಬೇಡ. ನಮ್ಮ ಶೈಲಾಳ ವಿಷಯ ಒಂದು ದಡ ಮುಟ್ಟದೆ ನಿನಗೆ ಏನು ಬರೆದರೂ ತಪ್ಪಾದೀತು ಎಂದು ಸುಮ್ಮನಿದ್ದೆ.

"ಅಕ್ಕಾ, ನಿನ್ನ ಮೊಮ್ಮಗಳು ಶೈಲಾ ಗೋಧಿ ಬಿಟ್ಟು ಜ್ವಾಳದ ರೊಟ್ಟಿ ಮ್ಯಾಲ ಆರಾಮ ಆದಳಂತಲ್ಲ, ಶಿವಾನಿಗೂ ಬಿಡಸ್ಲೇನ?" ಎಂದು ಕೇಳಿದ್ದೀ. ಈಗಲೇ ಬಿಡಿಸಬೇಡ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದು.

ನಮ್ಮ ಮನೆಯಲ್ಲಿ ಗೋಧಿ ಎಂದರೆ ಹಬ್ಬಕ್ಕೊಮ್ಮೆ ಹುಗ್ಗಿ, ಹೋಳಿಗೆ. ಹುಗ್ಗಿ ಉಂಡ ಮರುದಿನ ಶೈಲಾಳ ಹೊಟ್ಟೆ ಕೆಡುತ್ತಿತ್ತು. ಆಸೆಬುರುಕಿ, ಹೆಚ್ಚು ಉಂಡಳು ಎಂದು ನಗುತ್ತಿದ್ದೆವು. ಮದುವೆಯಾಗಿ ಸವದತ್ತಿಗೆ ಹೋದಳು. ಅದು ಎರಡು ಹೊತ್ತೂ ಚಪಾತಿಯ ಮನೆ, ರೊಟ್ಟಿ ಆಳುಗಳ ಊಟ ಎನ್ನುವವರು. ವರ್ಷದೊಳಗೆ ಮೈಯ ರಕ್ತವೆಲ್ಲ ಇಂಗಿತು, ಎರಡು ಬಸಿರು ಇಳಿದವು. ಎಲುಬಿನ ಗೂಡಾಗಿ ಬಂದವಳಿಗೆ ನಾನು ರೊಟ್ಟಿ, ಅನ್ನ, ಮಜ್ಜಿಗೆ ಬಿಟ್ಟು ಬೇರೆ ಕೊಡಲಿಲ್ಲ. ಚೇತರಿಸಿಕೊಂಡಳು. ಕೆನ್ನೆ ತುಂಬಿದವು.

ಬೆಳಗಾವಿಯ ಡಾಕ್ಟರು ಈ ಕಥೆ ಕೇಳಿ, ಇದು ಗೋಧಿ ಒಗ್ಗದ ಬೇನೆ ಇರಬಹುದು ಎಂದು ರಕ್ತ ತೆಗೆಸಿದರು. ರಿಪೋರ್ಟಿನಲ್ಲಿ ಏನೂ ಇಲ್ಲ! ಸುದ್ದಿ ತಿಳಿದು ಶೈಲಾಳ ಅತ್ತೆ ಇಲ್ಲಿಗೇ ಬಂದು ಅಂಗಳದಲ್ಲಿ ನಿಂತು ಅಂದಳು: "ನೋಡ್ರಿ ಬೀಗತೇರ, ಚಪಾತಿ ಲಟ್ಟಸಾಕ ಬ್ಯಾಸರಾಗಿ ನಿಮ್ಮ ಹುಡುಗಿ ಹೊಟ್ಟಿಬ್ಯಾನಿ ಹಚ್ಚ್ಯಾಳ. ಆಕಿಗೊಂದು ಬ್ಯಾರೆ ಒಲಿ ನಾವು ಹೂಡೂದಿಲ್ಲ. ನಮ್ಮ ಹುಡುಗಗ ಹೆಣ್ಣು ಕೊಡವರು ಬೇಕಾದಷ್ಟು ಮಂದಿ ಅದಾರ."

ಮತ್ತೆ ಡಾಕ್ಟರರ ಹತ್ತಿರ ಓಡಿದೆವು. ಅವರು ತಾಳ್ಮೆಯಿಂದ ಹೇಳಿದರು: "ಅಜ್ಜಿ, ನೀವು ಗೋಧಿ ಬಿಡಿಸಿ ಭಾಳ ದಿನಾ ಆತು. ಗೋಧಿ ಹೊಟ್ಟ್ಯಾಗ ಹೋಗದ ರಕ್ತದಾಗ ಸುಳಿವು ಸಿಗೂದಿಲ್ರಿ. ಬ್ಯಾನಿ ಹೋಗಿಲ್ಲ, ಮಲಗೇತಿ. ಎಬ್ಬಿಸಿ ನೋಡಬೇಕಂದ್ರ ಆರು ವಾರ ಗೋಧಿ ತಿನ್ನಬೇಕಾಗತೈತಿ. ಬ್ಯಾಡಂದ್ರ ಬಿಡ್ರಿ, ಹಿಂಗ ರೊಟ್ಟಿ ತಿಂದು ಆರಾಮ ಇರಲಿ."

ನಾನು ಬೇಡವೆಂದೆ. ಶೈಲಾ ಕೇಳಲಿಲ್ಲ. "ಎಬ್ಬಸ್ರಿ ಸರ. ನನ್ನ ಮಾತಂತೂ ಯಾರೂ ನಂಬವಲ್ರು, ಕಾಗದಾನರ ನಂಬಲಿ" ಅಂದಳು.

ದಿನಕ್ಕೆರಡು ಚಪಾತಿ, ನನ್ನ ಕೈಯಿಂದಲೇ. ಮೊದಲ ದಿನ ಚೇಷ್ಟೆ ಮಾಡಿದಳು: "ಆಯಿ, ಇಷ್ಟ ಮೆತ್ತಗ ಮಾಡಾಕ ಬರ್ತಿತ್ತಂದ್ರ ಇಷ್ಟ ವರ್ಷ ಯಾಕ ಮುಚ್ಚಿಟ್ಟಿದ್ದಿ?" ಬರಬರುತ್ತ ಮಾತು ನಿಂತಿತು. ಗೋಡೆ ಹಿಡಿದು ಹಿತ್ತಲಿಗೆ ಹೋಗಿ, ಗೋಡೆ ಹಿಡಿದೇ ಬರುವಳು. ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ನಾನು ತಟ್ಟೆ ತೆಗೆಯಲು ಹೋದರೆ ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ ತಿನ್ನುವಳು. ವಿಷವೆಂದು ತಿಳಿದೂ ಲಟ್ಟಿಸಿ ಬಡಿಸಿದೆ ಕಾಡವ್ವ, ನಾನೇ ಬಡಿಸಿದೆ.

ಆಮೇಲೆ ರಕ್ತ ತೆಗೆದರು. ಬಾಯಿಂದ ನಳಿಕೆ ಇಳಿಸಿ ಕರುಳಿನ ಚೂರನ್ನೂ ತೆಗೆದರು. ಬೇನೆ ಇರುವುದು ಖರೆಯಾಯಿತು. ಸೀಲಿಯಾಕ್ ಅಂತ ಅದರ ಹೆಸರು. ಮಗ ಮಹಾಂತಪ್ಪ ಆ ಕಾಗದ ಹಿಡಿದು ಹುರುಪಿನಿಂದ ಸವದತ್ತಿಗೆ ಹೋದ. ಅತ್ತೆ ಓದಿಸಿ ಕೇಳಿ ಅಂದಳಂತೆ: "ಹಂಗಾರ ಇದು ಸಾಯೂತನಕಾ ಹೋಗೂ ಬ್ಯಾನಿ ಅಲ್ಲನ್ರಿ. ಮದವಿಕಿಂತ ಮೊದಲ ಹೇಳಬೇಕಿಲ್ರಿ?" ಮರುದಿನ ಶೈಲಾಳ ಟ್ರಂಕು, ಭಾಂಡೆಸಾಮಾನು ಟೆಂಪೋದಲ್ಲಿ ಬಂದವು. ಗಂಡನೇ ನಿಂತು ಹೇರಿಸಿದನಂತೆ. ಕಾಗದವಿಲ್ಲದಾಗ ನಾಟಕ ಅಂದರು, ಕಾಗದ ಬಂದಮೇಲೆ ರೋಗಿಷ್ಟೆ ಅಂದರು. ಶೈಲಾ ಅಳಲಿಲ್ಲ. ಟ್ರಂಕು ತೆರೆಯಲೂ ಇಲ್ಲ.

ಇಷ್ಟಾದರೂ ಶಿವಾನಿಗೆ ಪರೀಕ್ಷೆ ಮಾಡಿಸು ಅನ್ನುತ್ತೇನೆ. ಬೇನೆ ಯಾವುದೆಂದು ತಿಳಿಯದಿದ್ದರೆ, ಹಬ್ಬದ ದಿನ ಪ್ರೀತಿಯಿಂದಲೇ ಯಾರಾದರೂ ಒಂದು ತುತ್ತು ಇಟ್ಟುಬಿಡುತ್ತಾರೆ. ಮಗು ಈಗ ತಿನ್ನುತ್ತಿರುವುದನ್ನೇ ತಿನ್ನಲಿ. ರಕ್ತ ಕೊಡುವ ತನಕ ಗೋಧಿ ಬಿಡಿಸಬೇಡ, ಆದರೆ ಕೊಡಿಸಲು ತಡವನ್ನೂ ಮಾಡಬೇಡ. ಡಾಕ್ಟರು ಬಿಡಿಸಿ ಅಂದಮೇಲೆ ಚಪಾತಿಯಷ್ಟೇ ಅಲ್ಲ, ರವೆ, ಶಾವಿಗೆ ಎಲ್ಲ ಬಂದ್. ಬೆಳಗಾವಿಗೆ ಮಹಾಂತಪ್ಪ ನಿಮ್ಮ ಜೊತೆ ಬರುತ್ತಾನೆ.

ಹಣಮಂತಪ್ಪನವರಿಗೆ ನಮಸ್ಕಾರ. ಮಕ್ಕಳಿಗೆಲ್ಲ ಆಶೀರ್ವಾದ. ಶಿವ ನಿಮ್ಮನ್ನು ಕಾಯಲಿ.

ನಿನ್ನ ಅಕ್ಕ
ರಾಚವ್ವ

ತಾ.ಕ.: ಮೇಲೆ ಬರೆಯಲು ಧೈರ್ಯವಾಗಲಿಲ್ಲ. "ಮನಿತನದಾಗ ಮತ್ತ್ಯಾರಿಗರ ಹಿಂಗಾಗಿತ್ತೇನ್ರಿ?" ಎಂದು ಡಾಕ್ಟರು ಕೇಳಿದರು. ಇಲ್ಲವೆಂದೆ. ಹಾಗೆನ್ನುವಾಗ, ಎಳೆವಯಸ್ಸಿನಲ್ಲೇ ತೀರಿಹೋದ ನಿನ್ನ ಹಿರಿಮಗಳು ಶಟ್ಟೆವ್ವ ಕಣ್ಣೆದುರು ನಿಂತಿದ್ದಳು. ಅದೇ ಉಬ್ಬಿದ ಹೊಟ್ಟೆ, ಕಡ್ಡಿಯಂಥ ಕೈಕಾಲು. ಕೂಸು ಸೊರಗಿತೆಂದು ನೀನು ರೊಟ್ಟಿ ಬಿಡಿಸಿ, ತುಪ್ಪ ಹಾಕಿ ಗೋಧಿ ಸಜ್ಜಕ ಉಣಿಸಿದೆ. ಸೊರಗಿದಷ್ಟೂ ಹೆಚ್ಚು ಉಣಿಸಿದೆ. ನಾನು ಬಂದಾಗಲೆಲ್ಲ ಗೋಧಿ ರವೆಯ ಗಂಟು ತರುತ್ತಿದ್ದೆ. ಆಕೆಗೆ ಇದೇ ಆಗಿತ್ತೆಂದು ಈಗ ಯಾರೂ ಖಾತ್ರಿ ಹೇಳಲಾರರು. ಆದರೆ ಶಿವಾನಿಯ ಸಲುವಾಗಿ ಡಾಕ್ಟರರಿಗೆ ಹೇಳಲೇಬೇಕು. ನಿನ್ನ ಬಾಯಿಂದ ಬಾರದಿದ್ದರೆ ನಾನು ಬಂದು ಹೇಳುತ್ತೇನೆ, ನೀನು ಹೊರಗೆ ಕುಳಿತಿರು. ಹೇಳಲೇ, ಬೇಡವೇ? ಬೈದಾದರೂ ಎರಡು ಸಾಲು ಬೇಗ ಬರೆ.