ಯಮನೂರಪ್ಪನನ್ನು ಹೊರಗೆ ನಿಲ್ಲಿಸಿದ ಎರಡು ಬಾಗಿಲು

ಹುಬ್ಬಳ್ಳಿ, ಫೆಬ್ರವರಿ ೩೦, ೨೧೮೭

ದ್ಯಾಮವ್ವ ಆಯಿಯವರಿಗೆ, ನಿಮ್ಮ ಮರಿಮಗಳ ಮರಿಮಗಳು ನೀಲಗಂಗಾ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ, ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ನಿಮಗೆ ತಿಳಿಯದ ಶಬ್ದ ಬಂದರೆ ಮನ್ನಿಸಿ. ಅಂಥದೊಂದು ಶಬ್ದ ‘ಜೋಡಾರೈಕೆ’. ಮನಸ್ಸಿನ ಕಾಯಿಲೆಗೂ ಕುಡಿತದ ಚಟಕ್ಕೂ ಒಂದೇ ಸೂರಿನಡಿ, ಒಟ್ಟಿಗೇ ಮದ್ದು ಮಾಡುವುದನ್ನು ನಾವು ಹಾಗೆನ್ನುತ್ತೇವೆ. ಅಂಥ ಮನೆಯೊಂದರಲ್ಲಿ ನನ್ನ ಕೆಲಸ. ಬೆಳಿಗ್ಗೆ ಬಂದವರಿಗೆ ಮೊದಲು ಜೋಳದ ಗಂಜಿ. ಕೈ ನಡುಗುವವರಿಗೆ ನಾವೇ ಬಟ್ಟಲು ಹಿಡಿದು ಕುಡಿಸುತ್ತೇವೆ. ಕುಡಿದು ಬಂದವರನ್ನೂ ಒಳಗೆ ಕರೆಯುತ್ತೇವೆ. ಬೇವಿನ ನೆರಳಲ್ಲಿ ಚಾಪೆ ಹಾಸಿ ಕೂರಿಸಿ, ಎಷ್ಟು ಕುಡಿಯುತ್ತೀರಿ ಎಂದು ಕೇಳುವ ಮೊದಲು, ಏನನ್ನು ತಾಳಲಾರದೆ ಕುಡಿಯುತ್ತೀರಿ ಎಂದು ಕೇಳುತ್ತೇವೆ. ಇದೇನು ನಮ್ಮ ಕಾಲದ ಶೋಧವಲ್ಲ. ನಿಮ್ಮ ಕಾಲದಲ್ಲೂ ಇದನ್ನು ಬಲ್ಲವರಿದ್ದರು. ನಿಮ್ಮ ತಮ್ಮನಿಗೆ ಅವರು ಸಿಗಲಿಲ್ಲ, ಅಷ್ಟೆ.

ನಿಮ್ಮ ತಮ್ಮ ಯಮನೂರಪ್ಪನ ಕಥೆ ನಮ್ಮ ಮನೆಯ ಹೆಣ್ಣುಮಕ್ಕಳ ಬಾಯಿಂದ ಬಾಯಿಗೆ ಬಂದಿದೆ. ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದವನು ಒಂದು ಮದುವೆ ಮೆರವಣಿಗೆಯ ನಡುವೆಯೇ ಕಿವಿ ಮುಚ್ಚಿಕೊಂಡು ಕುಕ್ಕರಿಸಿದನಂತೆ. ಯಾರೋ ಬಯ್ಯುತ್ತಿದ್ದಾರೆ ಎಂದನಂತೆ, ಯಾರೂ ಬಯ್ದಿರಲಿಲ್ಲ. ಕುಡಿತ ಹೆಚ್ಚಿದ್ದು ಅದಾದ ಮೇಲೆ. ನೀವು ಬಾಟಲಿ ಕಸಿದುಕೊಂಡಾಗ ಅವನು ಹೇಳಿದ ಮಾತು ನಮಗೆಲ್ಲ ಬಾಯಿಪಾಠ: “ಅಕ್ಕಾ, ಕುಡದಾಗಷ್ಟ ಅವು ಸುಮ್ಮನಾಗ್ತಾವ. ಬೆಳಿಗ್ಗಿ ಎದ್ರ ಇನ್ನೂ ಜೋರ ಬೈತಾವ.”

ನೀವು ಸುಮ್ಮನೆ ಕೂರಲಿಲ್ಲ. ಮನೋವೈದ್ಯರ ಬಳಿ ಕರೆದೊಯ್ದಿರಿ. “ಮೊದಲ ಕುಡಿಯೋದು ಬಿಡಸ್ರಿ, ಆಮ್ಯಾಲೆ ಕರಕೊಂಡ ಬರ್ರಿ” ಎಂದರು. ಚಟ ಬಿಡಿಸುವ ಕೇಂದ್ರಕ್ಕೆ ಹೋದಿರಿ. “ತಲಿ ಸರಿ ಇಲ್ಲದವರನ್ನ ನಾವು ಇಟ್ಕೊಳ್ಳಂಗಿಲ್ಲ” ಎಂದರು. ಕೊನೆಗೆ ಮನೆಯವರೆಲ್ಲ ಸೇರಿ ದೇವರ ಮುಂದೆ ಆಣೆ ಮಾಡಿಸಿದಿರಿ. ನಿಮ್ಮ ಕಾಲದಲ್ಲಿ ಈಗ, ಈ ಹೊತ್ತಿನಲ್ಲಿ, ಅವನು ಕುಡಿದಿಲ್ಲ. ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ, ಮೈ ನಡುಗುತ್ತಿದೆ. ಆಣೆ ಉಳಿಯಿತೆಂದು ನೀವು ಒಳಗೆ ಹೋಳಿಗೆ ಮಾಡುತ್ತಿದ್ದೀರಿ.

ಇಲ್ಲಿಯವರೆಗಿನದು ನಿಮಗೆ ಗೊತ್ತು. ಮುಂದಿನದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ಆ ದನಿಗಳನ್ನು ತಾಳಲಾರದೆ ಅವನು ಮತ್ತೆ ಕುಡಿಯುತ್ತಾನೆ. ಆಣೆ ಮುರಿದ ಮುಖವನ್ನು ನಿಮಗೆ ತೋರಿಸಲಾರದೆ ಮನೆ ಬಿಟ್ಟು ಹೋಗುತ್ತಾನೆ. ಬಸ್ ಸ್ಟ್ಯಾಂಡು, ಸ್ಟೇಶನ್ನು, ದರ್ಗಾ, ಮಠ, ಎಲ್ಲೆಡೆ ಹುಡುಕುತ್ತೀರಿ, ಅವನು ಸಿಗುವುದಿಲ್ಲ. ಮುದುಕಿಯಾದ ಮೇಲೂ ಬ್ಯಾಂಡಿನ ಸದ್ದು ಕೇಳಿದರೆ ಬೀದಿಗೆ ಓಡಿ, ನುಡಿಸುವವರ ಮುಖಗಳನ್ನು ಒಂದೊಂದಾಗಿ ನೋಡುತ್ತೀರಿ.

ಆಯಿ, ಈ ಕಾಗದ ನಿಮ್ಮ ಕೈ ಸೇರಿದರೆ ಒಲೆ ಆರಿಸಿ ಎದ್ದು ಬನ್ನಿ. ಅವನ ಪಕ್ಕ ಕೂತು, “ಏನಂತಾವೋ ತಮ್ಮಾ ಅವು?” ಎಂದು ಕೇಳಿ. ಅಳು ಬಂದರೂ ಕೊನೆತನಕ ಕೇಳಿಸಿಕೊಳ್ಳಿ. ಆಮೇಲೆ ತಡಮಾಡದೆ ಇನ್ನೊಬ್ಬ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಅವರೂ ಹಿಂದಕ್ಕೆ ಕಳಿಸಿದರೆ ಮತ್ತೊಬ್ಬರ ಹತ್ತಿರ.

ಅವನು ಉಳಿದರೆ ನಮ್ಮ ವಂಶದ ದಾರಿಯೇ ಬೇರೆಯಾಗಿ, ನಾನು ಹುಟ್ಟದೆಯೂ ಹೋಗಬಹುದು. ಹೋಗಲಿ ಬಿಡಿ. ನೀವು ಅವನನ್ನು ಕೇಳಿ.